ಮರದ ಹಿಂದೆಯೋ, ಮುಂದೆಯೋ

ಕಳೆದ ತಿಂಗಳು ಶಿರಾದಲ್ಲಿ ನನ್ನ ಚಿಕ್ಕಮ್ಮನ ಮಗಳ ಗೃಹಪ್ರವೇಶವಿತ್ತು. ಹಿಂದಿನ ದಿನವೇ ಪಾವಗಡದಿಂದ ನನ್ನ ತವರು ಹೊಳವನಹಳ್ಳಿಗೆ ಬಂದು, ಅಮ್ಮ ಕೊಟ್ಟ ಸೀರೆ, ತೆಂಗಿನಕಾಯಿ ಎಲ್ಲ ಕಟ್ಟಿಕೊಂಡು, ಬೆಳಗ್ಗೆ ಸ್ಕೂಟರಿನಲ್ಲಿ ಹೊರಟೆವು. ಕೊರಟಗೆರೆ ದಾಟಿ ಮಧುಗಿರಿಗೆ ಬಂದಾಗ ನಾನು ನಮ್ಮ ಯಜಮಾನರ ಬೆನ್ನು ತಟ್ಟಿ, ಸ್ಕೂಟರನ್ನು ಇಲ್ಲೇ ಯಾರ ಮನೆಯಲ್ಲಾದರೂ ಬಿಟ್ಟು ಬಸ್ಸಿನಲ್ಲಿ ಹೋಗೋಣ ಅಂದೆ. ಅವರು ಕೇಳಿಸದವರ ಹಾಗೆ ಶಿರಾ ರಸ್ತೆಗೆ ತಿರುಗಿಸಿದರು. ಹೆಲ್ಮೆಟ್ ಹಾಕಿಕೊಂಡ ಗಂಡಸಿಗೆ ಹೆಂಡತಿಯ ಮಾತು ಕೇಳಿಸದಿದ್ದರೆ ತಪ್ಪು ಯಾರದು ಅಂತ ಹೇಳುವುದು ಕಷ್ಟ.

ಊರು ಬಿಟ್ಟು ಸ್ವಲ್ಪ ದೂರ ಹೋಗಿರಬೇಕು, ಗಾಳಿಯಲ್ಲಿ ಆ ವಾಸನೆ ಬಂತು. ರಸ್ತೆ ಬದಿಯಲ್ಲಿ ಯಾರೋ ಹುಣಸೆಹಣ್ಣು ಹರವಿದ್ದರು. ಹೊಸ ಹುಣಸೆಹಣ್ಣು ಬಿಸಿಲಿಗೆ ಕಾದಾಗ ಒಂದು ವಾಸನೆ ಬರುತ್ತದೆ, ಹುಳಿಗೆ ಚೂರು ಬೆಲ್ಲ ಬೆರೆಸಿದ ಹಾಗೆ. ಬೇರೆಯವರಿಗೆ ಅದರಿಂದ ಬಾಯಲ್ಲಿ ನೀರೂರುತ್ತದೆ. ನನಗೆ ಬಾಯಿ ಒಣಗಿತು. ಸ್ಕೂಟರಿನ ಹಿಂದಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆ ತಿರುವು ಬರುವುದಕ್ಕೆ ಇನ್ನೂ ದೂರವಿತ್ತು.

ಆ ತಿರುವಿನಲ್ಲಿ ಅದು ನಡೆದ ವರ್ಷ ನಾವು ಈ ಸೀಮೆಯ ಒಂದು ಠಾಣೆಯ ಹಿಂದಿನ ಕ್ವಾರ್ಟರ್ಸಿನಲ್ಲಿದ್ದೆವು. ಯಾವ ಠಾಣೆ ಎಂದು ಬರೆಯುವುದಿಲ್ಲ, ಇನ್ನೂ ಅದೇ ಇಲಾಖೆಯ ಅನ್ನ ತಿನ್ನುತ್ತಿದ್ದೇವೆ. ನಮ್ಮವರು ಲಿಂಗರಾಜು, ಆಗ ಕಾನ್ಸ್‌ಟೇಬಲ್. ನಾನು ಸುಜಾತ, ಮನೆಯಲ್ಲಿ ಹೊಲಿಗೆ ಕೆಲಸ ಮಾಡಿಕೊಂಡಿದ್ದವಳು. ಪೊಲೀಸನ ಹೆಂಡತಿಗೆ ಧೈರ್ಯ ಜಾಸ್ತಿ ಅಂತ ಜನ ತಿಳಿದಿರುತ್ತಾರೆ. ನಾನು ಹುಟ್ಟು ಪುಕ್ಕಲಿ. ಅವರು ಡ್ಯೂಟಿಗೆ ಹೋದರೆ ಬರುವವರೆಗೂ ಒಂದು ಕಿವಿ ರಸ್ತೆಯ ಮೇಲೇ ಇರುತ್ತಿತ್ತು. ನನ್ನ ಹೆದರಿಕೆಯೆಲ್ಲ ಅವರಿಗೆ ಯಾರಾದರೂ ಏನಾದರೂ ಮಾಡಿಬಿಟ್ಟರೆ ಅನ್ನುವುದಾಗಿತ್ತು. ಅವರಿಂದ ಇನ್ನೊಬ್ಬರಿಗೆ ಏನಾದರೂ ಆಗಬಹುದು ಎಂದು ಹೆದರಬೇಕು ಅಂತ ನನಗೆ ಹೊಳೆದಿರಲಿಲ್ಲ.

ಕೊರೊನಾ ಕಳೆದು ಒಂದೆರಡು ವರ್ಷವಾಗಿದ್ದ ಬೇಸಿಗೆ ಅದು. ಹುಣಸೆಮರಗಳಲ್ಲಿ ಆ ಸಲ ಎಲೆಗಿಂತ ಕಾಯಿಯೇ ಹೆಚ್ಚಾಗಿತ್ತು. ರಸ್ತೆ ಬದಿಯ ಮರಗಳನ್ನು ಹರಾಜು ಹಿಡಿದವರು ಬೆಳಗಾದರೆ ಗಳ ಹಿಡಿದು ಬಡಿಯುತ್ತಿದ್ದರು. ಕ್ವಾರ್ಟರ್ಸಿನ ಪಕ್ಕದ ಬಯಲಿನಲ್ಲಿ ಹಣ್ಣಿನ ರಾಶಿ, ರಾಶಿಯ ಸುತ್ತ ಹೆಂಗಸರು. ಓಡು ಬಿಡಿಸಿ, ನಾರು ತೆಗೆದು, ಚಿಕ್ಕ ಸುತ್ತಿಗೆಯಲ್ಲಿ ಕುಟ್ಟಿ ಬೀಜ ಹಾರಿಸುವ ಶಬ್ದ ಬೆಳಗಿನಿಂದ ಸಂಜೆವರೆಗೆ ಟಕ್ ಟಕ್ ಎಂದು ಕೇಳುತ್ತಲೇ ಇತ್ತು. ನಮ್ಮ ಕಡೆ ವರ್ಷಕ್ಕಾಗುವಷ್ಟು ಹುಣಸೆಹಣ್ಣನ್ನು ಆ ಕಾಲದಲ್ಲೇ ಕುಟ್ಟಿಸಿ, ಉಪ್ಪು ಬೆರೆಸಿ ಮಡಕೆಗೆ ತುಂಬಿಡುತ್ತೇವೆ. ನಮ್ಮ ಮನೆಯ ಹಣ್ಣು ಕುಟ್ಟುವುದಕ್ಕೆ ಬರುತ್ತಿದ್ದವರು ಈರಮ್ಮ.

ಈರಮ್ಮ ಮದಲೂರಿನ ಕಡೆಯವರು. ಹುಣಸೆ ಕಾಲದಲ್ಲಿ ಮಾತ್ರ ನಮ್ಮ ಊರಿನಲ್ಲಿದ್ದ ತಂಗಿಯ ಮನೆಗೆ ಬಂದು ಉಳಿಯುತ್ತಿದ್ದರು. ಬಯಲಿನ ಕೆಲಸ ಮುಗಿಸಿ, ಮಧ್ಯಾಹ್ನದ ಮೇಲೆ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ನನಗೆ ಅವರು ಇಟ್ಟಿದ್ದ ಹೆಸರು ಪೊಲೀಸಮ್ಮ. ಗಂಡ ಇರಲಿಲ್ಲ, ಇದ್ದವನು ಒಬ್ಬನೇ ಮಗ, ತಿಪ್ಪೇಶ. ಕೊಳವೆಬಾವಿಯ ಮೋಟಾರು ಎತ್ತಿ ಇಳಿಸುವವರ ಜೊತೆ ಕೆಲಸಕ್ಕೆ ಹೋಗುತ್ತಿದ್ದ. ಇವತ್ತು ಹುಲಿಕುಂಟೆ ಕಡೆ, ನಾಳೆ ಮಧುಗಿರಿ ಕಡೆ. ಯಾರೋ ಓಡಿಸಿ ಮಾರಿದ ಹಳೇ ಬೈಕೊಂದನ್ನು ತೆಗೆದುಕೊಂಡು, ಅದರ ಸೈಲೆನ್ಸರನ್ನು ಏನೋ ಮಾಡಿಸಿ, ಊರಿಗೆಲ್ಲ ಕೇಳುವ ಹಾಗೆ ಓಡಿಸುತ್ತಿದ್ದ. ವಾರಕ್ಕೊಮ್ಮೆ ಅಮ್ಮನನ್ನು ನೋಡಲು ಬರುವಾಗ ಈರಮ್ಮನ ಸುತ್ತಿಗೆ ಮೊದಲೇ ನಿಂತುಬಿಡುತ್ತಿತ್ತು. ಇನ್ನೂ ಊರ ಹೊರಗೇ ಇರುವ ಮಗನ ಶಬ್ದ ಅವರಿಗೆ ಗೊತ್ತಾಗುತ್ತಿತ್ತು.

ಆ ಶಬ್ದ ನಮ್ಮವರಿಗೂ ಗೊತ್ತಿತ್ತು. ಮಧುಗಿರಿ ಶಿರಾ ರಸ್ತೆಯಲ್ಲಿ ಅಪಘಾತ ಜಾಸ್ತಿಯಾಗಿದೆ, ಜೋರಾಗಿ ಓಡಿಸುವವರನ್ನೂ ಹೆಲ್ಮೆಟ್ ಇಲ್ಲದವರನ್ನೂ ಹಿಡಿಯಿರಿ ಎಂದು ಮೇಲಿನಿಂದ ಹೇಳಿಕೆ ಬಂದು, ಆ ತಿಂಗಳು ದಿನಾ ಒಂದಲ್ಲ ಒಂದು ಕಡೆ ಬ್ಯಾರಿಕೇಡ್ ಇಟ್ಟು ನಿಲ್ಲುತ್ತಿದ್ದರು. ಆದರೆ ನಮ್ಮ ಕಡೆಯ ರಸ್ತೆಯಲ್ಲಿ ಒಂದು ಪದ್ಧತಿ ಇದೆ. ಪೊಲೀಸರನ್ನು ದಾಟಿ ಬಂದ ಬೈಕಿನವನು ಎದುರಿಗೆ ಬರುವವನನ್ನು ನೋಡಿ ತನ್ನ ತಲೆಯನ್ನು ಎರಡು ಸಲ ತಟ್ಟಿಕೊಳ್ಳುತ್ತಾನೆ. ಮುಂದೆ ಪೊಲೀಸರಿದ್ದಾರೆ, ಹುಷಾರು ಅಂತ ಅರ್ಥ. ಗುರುತು ಪರಿಚಯ ಬೇಕಿಲ್ಲ, ಜಾತಿ ಪಕ್ಷ ಕೇಳುವುದಿಲ್ಲ, ಹಾಲಿನವನು ಮೇಷ್ಟರಿಗೆ ತಟ್ಟುತ್ತಾನೆ, ಮೇಷ್ಟರು ಕುರಿ ವ್ಯಾಪಾರದ ಸಾಬರಿಗೆ ತಟ್ಟುತ್ತಾರೆ. ಆಮೇಲೆ ಕನ್ನಡಿಗೆ ನೇತು ಹಾಕಿದ ಹೆಲ್ಮೆಟ್ ತಲೆಗೆ ಏರುತ್ತದೆ, ಗಾಡಿ ದನದ ಗಾಡಿಯಷ್ಟು ನಿಧಾನವಾಗುತ್ತದೆ. ಇಲ್ಲವೇ ಹುಡುಗರು ಅಲ್ಲೇ ತಿರುಗಿಸಿಕೊಂಡು ಹೊಲದ ದಾರಿ ಹಿಡಿಯುತ್ತಾರೆ. ಇಡೀ ಸೀಮೆ ಇಷ್ಟು ಒಗ್ಗಟ್ಟಾಗಿ ಮಾಡುವ ಕೆಲಸ ಇನ್ನೊಂದು ನನಗೆ ಗೊತ್ತಿಲ್ಲ.

ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು ಇವರ ಕೆಲಸ. ದಿನವೆಲ್ಲ ಬಿಸಿಲಲ್ಲಿ ನಿಂತು ಬಂದು ಊಟಕ್ಕೆ ಕೂತಾಗ ರೇಗುತ್ತಿದ್ದರು. ನಾವು ನಿಲ್ಲೋಕೂ ಮುಂಚೆ ನಮ್ಮ ಸುದ್ದಿ ಎರಡು ಊರು ದಾಟಿರುತ್ತೆ ಅನ್ನುತ್ತಿದ್ದರು. ಆಗಲೇ ಠಾಣೆಯಲ್ಲಿ ಯಾರೋ ಉಪಾಯ ಹೇಳಿದರಂತೆ. ಬ್ಯಾರಿಕೇಡ್ ಬೇಡ, ತಿರುವಿನ ಹುಣಸೆಮರದ ಹಿಂದೆ ನಿಲ್ಲೋಣ, ಗಾಡಿ ಹತ್ತಿರ ಬಂದಾಗ ಈಚೆಗೆ ಬರೋಣ ಅಂತ. ಒಂದು ವಾರ ಹಾಗೇ ಮಾಡಿದರು, ಬೇಕಾದಷ್ಟು ಕೇಸೂ ಸಿಕ್ಕವು. ನಮ್ಮವರು ಅದನ್ನು ಹೇಳಿ ನಕ್ಕಾಗ ನಾನೂ ನಕ್ಕಿದ್ದೆ. ದೊಡ್ಡ ಮರ ಅದು, ಅದರ ಬುಡದ ಹಿಂದೆ ಇಬ್ಬರು ಆಳು ನಿಂತರೂ ಕಾಣುವುದಿಲ್ಲ.

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ಈರಮ್ಮ ಬೀಜ ಹಾರಿಸುತ್ತಾ ಮಗನ ಮಾತು ತೆಗೆದರು. ಹಿಂದಿನ ದಿನ ಅವನ ಬೈಕಿನ ಹಿಂದೆ ಕೂತು ಬಂದಿದ್ದರಂತೆ. ಕಣ್ಣು ಮುಚ್ಚಿಕೊಂಡು ಊರಿನ ರಂಗಪ್ಪನಿಂದ ಹಿಡಿದು ತಿರುಪತಿ ತಿಮ್ಮಪ್ಪನವರೆಗೆ ಎಲ್ಲರನ್ನೂ ಕರೆದಿದ್ದರಂತೆ.

"ನಾನ್ ಯೋಳುದ್ರೆ ಕೇಳಕ್ಕಿಲ್ಲ ಕಣಮ್ಮ. ನಿಮ್ಮೆಜಮಾನ್ರಿಗೆ ಯೋಳು, ಒಂದ್ಸಲ ಹಿಡ್ದು ಚೆನ್ನಾಗಿ ಹೆದರಿಸ್ಲಿ. ಎಲ್ಡ್ ಏಟು ಹಾಕುದ್ರೂ ಬ್ಯಾಸ್ರ ಇಲ್ಲ," ಅಂದರು.

ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ಕಡೆ ಎಳೆ ಮಕ್ಕಳಿಗೆ ಗುಮ್ಮನ ಭಯ, ಬೆಳೆದ ಮಕ್ಕಳಿಗೆ ಪೊಲೀಸಪ್ಪನ ಭಯ. ಗುರುತಿನ ಪೊಲೀಸನಿಗೆ ಹೇಳಿ ಮಗನನ್ನು ಹೆದರಿಸುವುದು ತಾಯಂದಿರು ಕಂಡುಕೊಂಡ ಔಷಧಿ. ನಾನು ರಾತ್ರಿ ಊಟಕ್ಕೆ ಬಡಿಸುತ್ತಾ ಹೇಳಿದೆ. ನಮ್ಮವರು, "ಆ ಬುರ್ರನ್ನೋ ಗಾಡೀನಾ? ಎರಡು ಸಲ ತಪ್ಪಿಸ್ಕೊಂಡವ್ನೆ. ಸಿಗ್ಲಿ ಬುಡು," ಅಂದರು. ಸಾರು ಚೆನ್ನಾಗಿದೆ ಅಂತಲೂ ಅಂದರು. ಇಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಯುಗಾದಿಗೆ ಎರಡೋ ಮೂರೋ ದಿನ ಇತ್ತು. ಈರಮ್ಮನ ಹುಣಸೆ ಕೆಲಸ ಮುಗಿದಿತ್ತು. ಹಬ್ಬಕ್ಕೆ ಊರಿಗೆ ಕರೆದುಕೊಂಡು ಹೋಗಲು ಮಗ ಬರುತ್ತಾನೆಂದು ಬ್ಯಾಗು ತುಂಬಿಕೊಂಡು ಬೆಳಗ್ಗೆಯೇ ನಮ್ಮ ಜಗಲಿಗೆ ಬಂದರು. ನಮ್ಮ ಹಣ್ಣಿನಲ್ಲಿ ಉಳಿದಿದ್ದ ಒಂದು ಮೊರದಷ್ಟನ್ನು ಕುಟ್ಟುತ್ತಾ ಕೂತರು. ನಾನು ಕಾಫಿ ಕೊಟ್ಟೆ. ಮಗ ಹೊಸ ಸೀರೆ ತಂದಿದ್ದಾನಂತೆ, ಬಣ್ಣ ಯಾವುದು ಅಂತ ಕೇಳಿದರೆ ಹೇಳುತ್ತಿಲ್ಲ ಅಂದರು. ಮಾತಿನ ನಡುವೆ ಸುತ್ತಿಗೆ ನಿಲ್ಲಿಸಿ ರಸ್ತೆಗೆ ಕಿವಿ ಕೊಡುತ್ತಿದ್ದರು, ಮತ್ತೆ ಕುಟ್ಟುತ್ತಿದ್ದರು. ನಾನೂ ನನ್ನ ಕಿವಿಯನ್ನು ರಸ್ತೆಗೆ ಕೊಟ್ಟೇ ಕೂತಿದ್ದವಳು. ಇಬ್ಬರು ಹೆಂಗಸರು ಒಂದೇ ರಸ್ತೆಗೆ ಕಿವಿ ಕೊಟ್ಟು ಒಂದು ಜಗಲಿಯಲ್ಲಿ ಕೂತಿದ್ದೆವು.

ಬಂದವರು ಪಕ್ಕದ ಮನೆಯ ಪ್ರೇಮಕ್ಕ. ಅವರ ಗಂಡನೂ ಅದೇ ಠಾಣೆಯಲ್ಲಿ ಹೆಡ್ ಕಾನ್ಸ್‌ಟೇಬಲ್. ಕೈಯಲ್ಲಿ ಫೋನ್ ಹಿಡಿದೇ ಓಡಿ ಬಂದರು. ಅವರ ಮುಖ ನೋಡಿದ ಕೂಡಲೇ ನಾನು ಎದ್ದು ನಿಂತೆ. ನಮ್ಮವರಿಗೇನಾಯ್ತು ಅಂದೆ.

"ನಿಮ್ಮೋರಿಗೆ ಏನೂ ಆಗಿಲ್ಲ. ಯಾವನೋ ಬೈಕಿನ ಹುಡುಗ, ಹುಣಸೆಮರದ ತಿರುವಲ್ಲಿ. ಲಿಂಗರಾಜು ಕೈ ಅಡ್ಡ ಹಿಡಿದ್ರಂತೆ, ಅವನು ಗಾಡಿ ಪಕ್ಕಕ್ಕೆ ಎಳ್ಕೊಂಡು ಹೋಗಿ ರಸ್ತೆ ಬದಿ ಕಲ್ಲಿಗೆ ಹೊಡ್ದವ್ನೆ. ತಲೆಗೆ ಬಿದ್ದೈತಂತೆ," ಅಂದರು.

ನನಗೆ ಮೊದಲು ಆದದ್ದು ಸಮಾಧಾನ. ನಮ್ಮವರಿಗೆ ಏನೂ ಆಗಿಲ್ಲ ಅನ್ನುವ ಸಮಾಧಾನ. ಅದು ಎಷ್ಟು ಹೊತ್ತು ಇತ್ತೋ, ಉಸಿರು ಬಿಡುವಷ್ಟು ಇದ್ದಿರಬಹುದು. ಆಮೇಲೆ ಸುತ್ತಿಗೆಯ ಶಬ್ದ ನಿಂತಿರುವುದು ಗೊತ್ತಾಯಿತು. ಈರಮ್ಮ ಯಾರನ್ನೂ ನೋಡುತ್ತಿರಲಿಲ್ಲ. ಗಾಡಿ ಯಾವ ಬಣ್ಣದ್ದು ಅಂತ ಕೇಳಿದರು. ಪ್ರೇಮಕ್ಕನಿಗೆ ಬಣ್ಣ ಗೊತ್ತಿರಲಿಲ್ಲ. ರಸ್ತೆಯಲ್ಲೆಲ್ಲ ಒಂದು ಹೊಸ ಸೀರೆ ಬಿಚ್ಚಿ ಬಿದ್ದಿತ್ತಂತೆ ಎಂದು ಮಾತ್ರ ಹೇಳಿದರು.

ಅವನನ್ನು ಎತ್ತಿ ಠಾಣೆಯ ಜೀಪಿಗೆ ಹಾಕಿಕೊಂಡು ಹೋದವರು ನಮ್ಮವರೇ. ಮಧುಗಿರಿಯಲ್ಲಿ ಆಗುವುದಿಲ್ಲ ಎಂದು ತುಮಕೂರಿಗೆ ಕಳಿಸಿದರು. ಸಂಜೆ ಮನೆಗೆ ಬಂದಾಗ ಅವರ ಅಂಗಿಯ ಎದೆಯೆಲ್ಲ ರಕ್ತ ಒಣಗಿ ಕಪ್ಪಾಗಿತ್ತು. ಬಚ್ಚಲಿನಲ್ಲಿ ಬಕೆಟ್ಟಿಗೆ ಹಾಕಿ ಬಂದು ಗೋಡೆಗೆ ಒರಗಿ ಕೂತರು. ಉಸಿರಿದೆ, ಅಷ್ಟೇ ಅಂದರು. ಆ ಹುಡುಗ ಈರಮ್ಮನ ಮಗ ಅಂತ ಅವರಿಗೆ ಜೀಪಿಗೆ ಎತ್ತಿ ಹಾಕುವಾಗಲೇ ಗೊತ್ತಾಗಿತ್ತು. ಬೈಕಿನ ಕನ್ನಡಿಯಲ್ಲಿ ಅವನ ಹೆಲ್ಮೆಟ್ ನೇತಾಡುತ್ತಿತ್ತಂತೆ, ಒಂದು ಗೀರೂ ಬಿದ್ದಿರಲಿಲ್ಲವಂತೆ. ಅದನ್ನು ಎರಡು ಸಲ ಹೇಳಿದರು.

ಮಾರನೇ ದಿನ ರಸ್ತೆ ತಡೆ ಆಯಿತು. ಹುಣಸೆಮರದ ಕೊಂಬೆಗಳನ್ನೇ ಕಡಿದು ಅಡ್ಡ ಹಾಕಿದ್ದರು. ಪೊಲೀಸನು ಲಾಠಿ ಎಸೆದು ಚಕ್ರಕ್ಕೆ ಸಿಕ್ಕಿಸಿದ ಅಂತ ಒಬ್ಬರು, ಅಂಗಿ ಹಿಡಿದು ಎಳೆದ ಅಂತ ಇನ್ನೊಬ್ಬರು. ಅಲ್ಲಿ ಇಲ್ಲದವರೇ ಎಲ್ಲವನ್ನೂ ಚೆನ್ನಾಗಿ ನೋಡಿದ್ದರು. ಯಾರದೋ ಫೋನಿನಲ್ಲಿ ನಮ್ಮವರ ಫೋಟೋ ಓಡಾಡಿತು, ಈ ಕೊಲೆಗಾರನನ್ನು ಗುರುತು ಹಿಡಿಯಿರಿ ಅಂತ ಕೆಳಗೆ ಬರೆದಿದ್ದರು. ಹಾಲು ತರಲು ಅಂಗಡಿಗೆ ಹೋದರೆ ಮಾತಾಡುತ್ತಿದ್ದವರು ಸುಮ್ಮನಾಗುತ್ತಿದ್ದರು. ನಾನು ಸೆರಗು ಹೊದ್ದು, ಬಗ್ಗಿಸಿದ ತಲೆ ಎತ್ತದೆ ಬರುತ್ತಿದ್ದೆ. ಯುಗಾದಿಯ ದಿನ ಬೇವು ಬೆಲ್ಲ ಮಾಡಿದೆ. ಇಬ್ಬರೂ ಬೆಲ್ಲ ಬಿಟ್ಟು ಬೇವನ್ನೇ ಅಗಿದೆವು ಅನ್ನಿಸುತ್ತದೆ.

ಇತ್ತ ಠಾಣೆಯಲ್ಲಿ ಬೇರೆಯೇ ಮಾತು ನಡೆದಿತ್ತು. ವಿಚಾರಣೆಗೆ ಮೇಲಿನ ಸಾಹೇಬರೊಬ್ಬರು ಬರುತ್ತಾರೆ, ಅವರ ಮುಂದೆ ನಮ್ಮವರು ಏನು ಹೇಳಬೇಕು ಅನ್ನುವುದನ್ನು ಜೊತೆಯವರು ತಿದ್ದಿ ತೀಡಿ ಇಟ್ಟಿದ್ದರು. ಬ್ಯಾರಿಕೇಡ್ ಇತ್ತು, ಎಲ್ಲರಿಗೂ ಕಾಣುವ ಹಾಗೆ ನಿಂತಿದ್ದೆವು, ಹುಡುಗ ನಮ್ಮನ್ನು ದೂರದಿಂದಲೇ ನೋಡಿ ಗಾಬರಿಯಾಗಿ ತಾನೇ ಬಿದ್ದ. ಜೊತೆಗಿದ್ದ ಇನ್ನೊಬ್ಬ ಕಾನ್ಸ್‌ಟೇಬಲ್ ಆಗಲೇ ಹಾಗೆ ಹೇಳಿಯಾಗಿತ್ತು. ಪ್ರೇಮಕ್ಕ ನನಗೆ ಇನ್ನೊಂದು ಬುದ್ಧಿ ಹೇಳಿದರು. "ಆಯಮ್ಮನೇ ಅಲ್ವೇನೆ ಮಗನ್ನ ಹಿಡ್ದು ಹೆದರ್ಸಿ ಅಂದಿದ್ದು? ಅದನ್ನ ಹೇಳು. ಒಂದು ಮಾತಲ್ಲಿ ಮುಗೀತದೆ," ಅಂದರು.

ಆ ಮಾತು ನನ್ನ ನಾಲಿಗೆಯ ತುದಿಯಲ್ಲಿ ಕೂತುಕೊಂಡಿತು. ಒಲೆ ಮುಂದೆ ಕೂತರೂ ಅದೇ, ಹೊಲಿಗೆ ಮಿಷನ್ ತುಳಿಯುವಾಗಲೂ ಅದೇ. ಗಂಡನ ಕೆಲಸ ಹೋದರೆ, ಹುಡುಗ ಸತ್ತು ಗಂಡನನ್ನು ಜೈಲಿಗೆ ಹಾಕಿದರೆ ಅಂತ ಎದೆ ಹೊಡೆದುಕೊಂಡಾಗಲೆಲ್ಲ ಆ ಮಾತನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅದನ್ನು ಇಟ್ಟುಕೊಂಡೇ ಒಂದು ದಿನ ತುಮಕೂರಿನ ಬಸ್ಸು ಹತ್ತಿದೆ. ನಮ್ಮವರಿಗೆ ಹೇಳಲಿಲ್ಲ.

ಈರಮ್ಮ ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಅದೇ ಬ್ಯಾಗು, ಹಬ್ಬಕ್ಕೆಂದು ತುಂಬಿಕೊಂಡಿದ್ದದ್ದು. ಬೈಯುತ್ತಾರೆ, ಮಣ್ಣು ತೂರುತ್ತಾರೆ ಅಂತೆಲ್ಲ ಅಂದುಕೊಂಡು ಹೋಗಿದ್ದೆ. ಅವರು ಸರಿದು ಜಾಗ ಮಾಡಿಕೊಟ್ಟರು. ಹುಡುಗ ಕಣ್ಣು ಬಿಟ್ಟಿಲ್ಲ, ಹೆಸರು ಹಿಡಿದು ಕೂಗಿದರೆ ಬೆರಳು ಆಡಿಸುತ್ತಾನೆ ಅಂದರು. ನಾನು ತಂದಿದ್ದ ಮುದ್ದೆ ಸಾರಿನ ಡಬ್ಬಿಯನ್ನು ತೆಗೆದುಕೊಂಡು ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು.

"ಜನ ಏನೇನೋ ಅಂತಾವ್ರೆ. ನಂಗೆ ಅದ್ಯಾವ್ದೂ ಬ್ಯಾಡ. ನಿಮ್ಮೆಜಮಾನ್ರು ಮರದ ಹಿಂದ್ಗಡೆ ನಿಂತಿದ್ರೋ, ಮುಂದ್ಗಡೆ ನಿಂತಿದ್ರೋ, ಅಷ್ಟ್ ಯೋಳು ಪೊಲೀಸಮ್ಮ."

ನಾಲಿಗೆಯ ತುದಿಯಲ್ಲಿದ್ದ ಮಾತನ್ನು ಆಗ ಹೇಳಬಹುದಿತ್ತು. ನೀವೇ ತಾನೇ ಹಿಡಿಯಿರಿ ಅಂದದ್ದು ಅನ್ನಬಹುದಿತ್ತು. ಮಗನ ಬೆರಳು ಅಲ್ಲಾಡುವುದನ್ನೇ ಕಾಯುತ್ತಾ ಕೂತ ತಾಯಿಯ ಮುಖಕ್ಕೆ ಅದನ್ನು ಹೇಗೆ ಹೇಳುವುದು? ನನಗೆ ಗೊತ್ತಿಲ್ಲ ಅಂದೆ. ಅದು ಸುಳ್ಳೂ ಅಲ್ಲ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಕೇಳಿದರೆ ಏನು ಹೇಳಿಬಿಡುತ್ತಾರೋ ಎಂಬ ಹೆದರಿಕೆಗೇ ನಾನು ಕೇಳಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ಆ ಪ್ರಶ್ನೆ ನನಗೆ ಅರ್ಥವಾಯಿತು. ಮರದ ಮುಂದೆ ನಿಂತಿದ್ದರೆ ದಾಟಿ ಹೋದವರಿಗೆ ಕಾಣುತ್ತಿದ್ದರು. ಕಂಡವನು ಎದುರು ಸಿಕ್ಕವನಿಗೆ ತಲೆ ತಟ್ಟಿಕೊಳ್ಳುತ್ತಿದ್ದ. ತಿಪ್ಪೇಶ ಬೈದುಕೊಂಡಾದರೂ ಹೆಲ್ಮೆಟ್ ಹಾಕಿಕೊಂಡು, ಗಾಡಿ ನಿಧಾನ ಮಾಡಿ ಬರುತ್ತಿದ್ದ, ಇಲ್ಲವೇ ಹೊಲದ ದಾರಿ ಹಿಡಿದು ತಡವಾಗಿ ಬರುತ್ತಿದ್ದ. ಹಿಂದೆ ನಿಂತಿದ್ದರೆ ಇದ್ಯಾವುದೂ ಇಲ್ಲ. ಬರುತ್ತಾನೆ, ಮರ ಇದ್ದಕ್ಕಿದ್ದಂತೆ ಮನುಷ್ಯನಾಗಿ ಕೈ ಅಡ್ಡ ಹಿಡಿಯುತ್ತದೆ. ಓದು ಬರಹ ಇಲ್ಲದ ಹೆಂಗಸು ಅಂತ ನಾನು ಬರೆಯುವುದಿಲ್ಲ, ಈರಮ್ಮ ದಿನಾ ಪೇಪರು ಓದುತ್ತಿದ್ದವರು, ಪ್ರಪಂಚ ತಿಳಿದವರು. ಮಗನಿಗೆ ಒಂದು ತಲೆ ತಟ್ಟುವಿಕೆ ಸಿಕ್ಕಿತ್ತೋ ಇಲ್ಲವೋ ಅನ್ನುವುದನ್ನೇ ಕೇಳಿದ್ದರು.

ಮನೆಗೆ ಬಂದು ನಮ್ಮವರಿಗೆ ಹೇಳಿದೆ, ಆಸ್ಪತ್ರೆಗೆ ಹೋಗಿದ್ದೆ, ಅವರು ಹೀಗೆ ಕೇಳಿದರು ಅಂತ. ಅವರು ಎದ್ದು ಹೊರಗೆ ನಲ್ಲಿಯ ಹತ್ತಿರ ಹೋದರು. ಅಂಗಿಯ ರಕ್ತದ ಕಲೆ ಎರಡು ಸಲ ನೆನೆಸಿದರೂ ಹೋಗಿರಲಿಲ್ಲ, ಅದನ್ನು ಮತ್ತೆ ಉಜ್ಜತೊಡಗಿದರು. ಆಮೇಲಿನ ದಿನಗಳಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಕೆಲಸ ಉಳಿಸಿಕೊಳ್ಳಲು ಒಂದು ಸುಳ್ಳು ಹೇಳಿದರೆ ಏನಾಯಿತು ಅಂತಲೂ ಸಿಟ್ಟು, ಆ ಸುಳ್ಳನ್ನು ಹೇಳಿಬಿಡುತ್ತಾರೇನೋ ಅಂತಲೂ ಸಿಟ್ಟು. ಅತ್ತ ದರಿ ಇತ್ತ ಪುಲಿ ಅನ್ನುವುದನ್ನು ಶಾಲೆಯಲ್ಲಿ ಉದಾಹರಣೆ ಸಮೇತ ಬರೆದಿದ್ದೆ, ಅದರ ಅರ್ಥ ಆಗ ಗೊತ್ತಾಯಿತು.

ವಿಚಾರಣೆಯ ದಿನ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ಅವರು ಯೂನಿಫಾರ್ಮ್ ಹಾಕದೆ, ಮಾಮೂಲಿ ಬಿಳಿ ಅಂಗಿ ಹಾಕಿಕೊಂಡು ನನ್ನನ್ನು ಕರೆದರು. ಎಲ್ಲಿಗೆ ಅಂತ ಕೇಳಲಿಲ್ಲ. ತುಮಕೂರಿನವರೆಗೂ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತಿದ್ದರು. ಈರಮ್ಮ ವಾರ್ಡಿನ ಬಾಗಿಲಲ್ಲಿ ಟವೆಲ್ ಮಡಚುತ್ತಿದ್ದರು. ಅವರ ತಮ್ಮ ಪಕ್ಕದಲ್ಲಿದ್ದ. ನಮ್ಮವರನ್ನು ನೋಡಿ ಅವನು ಎದ್ದು ನಿಂತ. ಹೊಡೆಯುತ್ತಾನೆ ಅಂದುಕೊಂಡು ನಾನು ನಡುವೆ ಹೋದೆ.

"ಅಕ್ಕಾ," ಅಂದರು ನಮ್ಮವರು. "ನಾನು ಮರದ ಹಿಂದೆ ನಿಂತಿದ್ದೆ."

ಈರಮ್ಮ ಟವೆಲ್ ಮಡಚುವುದನ್ನು ನಿಲ್ಲಿಸಲಿಲ್ಲ. ಮಡಚುತ್ತಲೇ, ದೊಣ್ಣೆ ಬೀಸಿದ್ರಾ ಅಂತ ಕೇಳಿದರು. ಇಲ್ಲ, ಕೈ ಅಡ್ಡ ಹಿಡಿದೆ ಅಷ್ಟೆ, ಅಷ್ಟು ಹತ್ತಿರ ಬಂದಿದ್ದಾನೆ ಅಂತ ಗೊತ್ತಾಗಲಿಲ್ಲ ಅಂದರು ಇವರು. ಆ ತಮ್ಮ ಏನೋ ಅನ್ನಲು ಹೋದ. ಈರಮ್ಮ ಅವನ ಕೈ ಹಿಡಿದು ಕೂರಿಸಿದರು.

"ನೀವೀಗ ಹೋಗ್ರಪ್ಪ. ಅವನು ಎದ್ದು ಅವನ ಬಾಯಲ್ಲಿ ಅವನ್ದು ಯೋಳ್ಲಿ," ಅಂದರು.

ಅವನು ಎದ್ದ. ದೇವರು ದೊಡ್ಡವನು, ಅದನ್ನು ಹೇಳಲೇಬೇಕು. ಕಣ್ಣು ಬಿಟ್ಟ, ಅಮ್ಮನನ್ನು ಗುರುತು ಹಿಡಿದ, ಮುದ್ದೆ ಕೇಳಿದ. ಎಡಗಾಲು ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಆದರೆ ಆ ದಿನ ಅವನ ತಲೆಯಿಂದ ಪೂರ್ತಿ ಅಳಿಸಿಹೋಗಿತ್ತು. ಅಂಗಡಿಯಲ್ಲಿ ಸೀರೆಗೆ ಬಣ್ಣ ಆರಿಸಿದ್ದು ನೆನಪಿತ್ತು, ಆಮೇಲಿನದು ಇಲ್ಲ. ಎಷ್ಟು ಜೋರಾಗಿ ಬಂದ, ಯಾರನ್ನು ನೋಡಿದ, ಎಲ್ಲಿ ತಿರುಗಿಸಿದ, ಏನೂ ಇಲ್ಲ. ಅವನು ಹೇಳಬೇಕಾಗಿದ್ದ ಅರ್ಧ ಮಾತು ಆ ಕಲ್ಲಿನ ಹತ್ತಿರವೇ ಬಿದ್ದು ಹೋಗಿತ್ತು. ಇನ್ನು ಉಳಿದದ್ದು ನಮ್ಮವರ ಅರ್ಧ ಮಾತ್ರ. ಅದನ್ನು ಹೇಳಿದರೆ ಪೂರ್ತಿ ತಪ್ಪು ಅವರ ತಲೆಗೇ ಬರುತ್ತದೆ ಎಂದು ಪ್ರೇಮಕ್ಕನ ಗಂಡ ಬಂದು ಬುದ್ಧಿ ಹೇಳಿ ಹೋದರು.

ವಿಚಾರಣೆ ಠಾಣೆಯಲ್ಲೇ ನಡೆಯಿತು. ಈರಮ್ಮನನ್ನೂ ಕರೆಸಿದ್ದರು. ನಾನು ಕಿಟಕಿಯ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ, ಹೋಗು ಅಂತ ಯಾರೂ ಅನ್ನಲಿಲ್ಲ. ನಮ್ಮವರು ಒಳಗೆ ಸೆಟೆದು ನಿಂತು, ಮರದ ಹಿಂದೆ ನಿಂತಿದ್ದೆ ಸರ್, ಬ್ಯಾರಿಕೇಡ್ ಇರಲಿಲ್ಲ ಅಂದರು. ಒಳಗೆ ಯಾರೋ ಕುರ್ಚಿ ಎಳೆದ ಶಬ್ದವಾಯಿತು. ಸಾಹೇಬರು ಅದನ್ನು ಬರೆಸಿಕೊಂಡು ಈರಮ್ಮನ ಕಡೆ ತಿರುಗಿ, ನೀವು ಏನು ಹೇಳ್ತೀರಮ್ಮಾ ಅಂದರು. ನಾನು ಮರ ಹಿಡಿದುಕೊಂಡೆ. ಜನರ ಹಾಗೆ ಲಾಠಿ ಎಸೆದರು ಅಂತ ಅವರೂ ಒಂದು ಮಾತು ಅಂದಿದ್ದರೆ ನಮ್ಮ ಬಾಳು ಅಲ್ಲಿಗೆ ಮುಗಿದಿತ್ತು.

"ನನ್ ಮಗ ಜೋರಾಗೇ ಬಂದಿರ್ತಾನೆ ಸ್ವಾಮಿ," ಅಂದರು ಈರಮ್ಮ. "ಅವನು ನಿಧಾನಕ್ಕೆ ಬಂದಿದ್ದನ್ನ ನಾನ್ ಯಾವತ್ತೂ ಕಂಡಿಲ್ಲ. ಅವನಿಗೆ ನೆಪ್ಪಿಲ್ಲ, ಅದುಕ್ಕೆ ನಾನೇ ಯೋಳ್ತಾ ಇವ್ನಿ. ಹಿಡ್ದು ಹೆದರ್ಸಿ ಅಂತ ಇವ್ರ ಮನೇಲಿ ಕೂತು ಯೋಳಿ ಕಳ್ಸಿದ್ದೂ ನಾನೇ. ಆದ್ರೆ ಸ್ವಾಮಿ, ಹಿಡೀರಿ ಅಂದಿದ್ದೆ. ಬಚ್ಚಿಟ್ಕೊಂಡು ಹಿಡೀರಿ ಅಂದಿರ್ಲಿಲ್ಲ."

ಕಿಟಕಿಯ ಹೊರಗೆ ನಾನು ಅತ್ತೆ. ನಾನು ನಾಲಿಗೆಯ ಮೇಲಿಟ್ಟುಕೊಂಡು ತಿರುಗಿದ್ದ ಮಾತನ್ನು ಅವರು ತಾವಾಗಿಯೇ ತೆಗೆದುಕೊಂಡು ಹೇಳಿದ್ದರು. ಯಾರ ತಪ್ಪನ್ನೂ ಕಡಿಮೆ ಮಾಡಲಿಲ್ಲ, ಮಗನದನ್ನೂ, ತಮ್ಮದನ್ನೂ, ನಮ್ಮವರದನ್ನೂ. ಈರಮ್ಮ ಹೊರಗೆ ಬಂದು ನನ್ನನ್ನು ನೋಡಿ, ಮಡಕೆಗೆ ಉಪ್ಪು ಹಾಕಿದ್ಯಾ ಅಂತ ಕೇಳಿದರು. ಆ ವರ್ಷದ ಹುಣಸೆಹಣ್ಣಿಗೆ ಉಪ್ಪು ಬೆರೆಸಿಯೇ ಇರಲಿಲ್ಲ, ಅದು ಮೊರದಲ್ಲೇ ಕಪ್ಪಾಗಿತ್ತು.

ನಮ್ಮವರನ್ನು ಕೆಲವು ತಿಂಗಳು ಸಸ್ಪೆಂಡ್ ಮಾಡಿದರು. ಆಮೇಲೆ ಪಾವಗಡದ ಕಡೆ ಹಾಕಿದರು. ಪಾವಗಡ ಅಂದರೆ ಶಿಕ್ಷೆ ಅಂತ ಇಲಾಖೆಯಲ್ಲಿ ಮಾತು. ಅಲ್ಲಿಯ ಬಿಸಿಲೂ ಅರ್ಧ ತೆಲುಗಿನ ಮಾತೂ ನಮಗೆ ನಿಧಾನವಾಗಿ ಒಗ್ಗಿದವು. ಅಲ್ಲಿಯೂ ಅವರಿಗೆ ರಸ್ತೆಯ ಡ್ಯೂಟಿ ಬೀಳುತ್ತಿತ್ತು. ರಸ್ತೆಯ ಪಕ್ಕ ಎಲ್ಲರಿಗೂ ಕಾಣುವ ಹಾಗೆ ನಿಲ್ಲುತ್ತಿದ್ದರು, ಬೈಕಿನವರು ಒಬ್ಬರಿಗೊಬ್ಬರು ತಲೆ ತಟ್ಟಿಕೊಳ್ಳುವುದನ್ನು ನೋಡುತ್ತಾ ಬರಿಗೈಲಿ ಬರುತ್ತಿದ್ದರು. ಜೊತೆಯವರು ಗೇಲಿ ಮಾಡಿದರೂ ಅವರು ರೇಗುತ್ತಿರಲಿಲ್ಲ. ಈರಮ್ಮನ ಊರು, ಮದಲೂರಿನ ಕಡೆಗೆ ಮಾತ್ರ ಹೋಗಿರಲಿಲ್ಲ, ನಾನೂ ಹೋಗೋಣ ಅಂದಿರಲಿಲ್ಲ. ಈಗಲೂ ಸೈಲೆನ್ಸರ್ ಕಿತ್ತ ಗಾಡಿಯ ಶಬ್ದ ಕೇಳಿದರೆ ನಾನು ಮಾಡುತ್ತಿರುವ ಕೆಲಸ ನಿಲ್ಲಿಸಿ, ಅದು ದಾಟಿ ಹೋಗುವವರೆಗೂ ಕಾಯುತ್ತೇನೆ.

ಗೃಹಪ್ರವೇಶಕ್ಕೆ ಹೊರಟ ಆ ದಿನ ತಿರುವು ಹತ್ತಿರವಾಗುತ್ತಿತ್ತು. ಮರ ಅಲ್ಲೇ ಇತ್ತು, ರಸ್ತೆ ತಡೆಯ ದಿನ ಕೊಂಬೆ ಕಡಿದ ಕಡೆ ಚಿಗುರು ಬಂದು ದೊಡ್ಡದಾಗಿತ್ತು. ಮರದ ಮುಂದೆ ತಳ್ಳುಗಾಡಿಯಲ್ಲಿ ಎಳನೀರು. ಗಾಡಿಯ ಪಕ್ಕ ನಿಂತಿದ್ದವನು ನಮ್ಮನ್ನು ನೋಡಿ ಕೈ ಎತ್ತಿ ತನ್ನ ತಲೆಯನ್ನು ಎರಡು ಸಲ ತಟ್ಟಿಕೊಂಡ. ನಮ್ಮವರು ಎಂದಿನಂತೆ ನಿಧಾನವಾಗಿಯೇ ಬರುತ್ತಿದ್ದವರು ಇನ್ನೂ ನಿಧಾನ ಮಾಡಿ, ಗಾಡಿಯ ಹತ್ತಿರ ನಿಲ್ಲಿಸಿದರು. ಎಳನೀರಿನವನು ಎಡಗಾಲು ಎಳೆಯುತ್ತಾ ಈಚೆ ಬಂದ. ಅವನು ನನ್ನನ್ನೇ ಮೊದಲು ಗುರುತು ಹಿಡಿದ, ಅಮ್ಮನ ಹುಣಸೆಹಣ್ಣಿನಕ್ಕ ಅಲ್ವಾ ಅಂದ. ಅಮ್ಮ ಚೆನ್ನಾಗಿದ್ದಾರಂತೆ, ಈ ಸಲವೂ ಹಣ್ಣು ಕುಟ್ಟಲು ಹೋಗಿದ್ದಾರಂತೆ. ನಮ್ಮವರು ಹೆಲ್ಮೆಟ್ ತೆಗೆದರು. ತಿಪ್ಪೇಶ ಅವರ ಮುಖವನ್ನು ನೋಡಿ, ಎರಡು ಎಳನೀರು ಆರಿಸಿ ಕೊಚ್ಚಿದ.

ಕುಡಿಯುತ್ತಾ ನಮ್ಮವರು ತಿರುವಿನ ಆಚೆಗೆ ಕತ್ತು ಚಾಚಿ, ಯಾವ ಠಾಣೆಯವರು ನಿಂತಿದ್ದಾರೆ ಅಂತ ಕೇಳಿದರು.

"ಯಾರೂ ಇಲ್ಲ ಸಾರ್. ತಿರುವು ಐತೆ ಅಷ್ಟೆ," ಅಂದ ತಿಪ್ಪೇಶ. "ಪೊಲೀಸ್ನೋರು ಇದ್ರೂ ತಟ್ಕೋತೀನಿ, ಇಲ್ದಿದ್ರೂ ತಟ್ಕೋತೀನಿ. ಜನ ನಿಧಾನ ಆಯ್ತಾರೆ."

ಅಷ್ಟರಲ್ಲಿ ಶಿರಾ ಕಡೆಯಿಂದ ಆ ಶಬ್ದ ಕೇಳಿಸಿತು, ಸೈಲೆನ್ಸರ್ ಕಿತ್ತ ಬೈಕು. ನಾನು ಎಳನೀರನ್ನು ಬಾಯಿಂದ ತೆಗೆದು ಹಾಗೇ ನಿಂತೆ. ತಿಪ್ಪೇಶನ ಒಂದು ಕೈಯಲ್ಲಿ ಕತ್ತಿ ಇತ್ತು, ಇನ್ನೊಂದು ಕೈಯಲ್ಲಿ ಕಾಯಿ, ತಟ್ಟಿಕೊಳ್ಳಲು ಕೈ ಬಿಡುವಿರಲಿಲ್ಲ. ನಮ್ಮವರು ಎಳನೀರನ್ನು ಗಾಡಿಯ ಮೇಲಿಟ್ಟರು. ರಸ್ತೆಯ ಅಂಚಿಗೆ ಹೋಗಿ, ದೂರದಿಂದಲೇ ಕಾಣುವ ಹಾಗೆ ಮರದ ಮುಂದೆ ನಿಂತು, ಕೈ ಎತ್ತಿ ತಮ್ಮ ತಲೆಯನ್ನು ತಟ್ಟಿಕೊಂಡರು. ಒಂದು ಸಲ, ಮತ್ತೆ ಒಂದು ಸಲ. ಬೈಕಿನ ಶಬ್ದ ಇಳಿಯಿತು. ಹುಡುಗ ಹೆಲ್ಮೆಟ್ ಏರಿಸಿಕೊಂಡು, ನಮ್ಮವರಿಗೆ ಥ್ಯಾಂಕ್ಸ್ ಎನ್ನುವ ಹಾಗೆ ಕೈಯೆತ್ತಿ, ನಿಧಾನವಾಗಿ ತಿರುವು ದಾಟಿ ಹೋದ.